ಹುಣಸೆ ಬೀಜದ ಲೆಕ್ಕ

ಏಪ್ರಿಲ್ ರಜೆ ಬಂತೆಂದರೆ ಹೊನ್ನಾಳಿಯ ನಮ್ಮ ಮನೆಯಲ್ಲಿ ಎರಡು ಸದ್ದು ಜೋರಾಗುತ್ತವೆ. ಒಂದು ಅಡುಗೆಮನೆಯ ಒಗ್ಗರಣೆಯದು, ಇನ್ನೊಂದು ಮೊಮ್ಮಗನ ಕೈಯಲ್ಲಿರುವ ಮೊಬೈಲಿನದು. ಢಂ ಢಂ ಎಂದು ಗುಂಡು ಹಾರುತ್ತಲೇ ಇರುತ್ತವೆ. ಅವನು ಆರನೇ ಕ್ಲಾಸು. ಅವನ ಅಕ್ಕ ಎಂಟನೇ ಕ್ಲಾಸು.

ಕಳೆದ ರಜೆಯಲ್ಲಿ ಒಂದು ಮಧ್ಯಾಹ್ನ ಅವನು ಕುಣಿಯುತ್ತಾ ಬಂದು, "ಅಜ್ಜ, ಒಂದು ಊರನ್ನೇ ಗೆದ್ದೆ! ಎರಡೇ ನಿಮಿಷ!" ಎಂದ.

"ಆ ಊರಲ್ಲಿ ಜನ ಇರಲಿಲ್ವೇನೋ?" ಎಂದು ಕೇಳಿದೆ.

"ಜನ ಯಾಕಿರ್ತಾರೆ? ಬರೀ ವೈರಿಗಳು."

ಜಗಲಿಯ ಮೇಲೆ ಕಾಲು ಚಾಚಿ ಮಂಡಕ್ಕಿ ತಿನ್ನುತ್ತಿದ್ದ ನನ್ನ ಸೋದರಳಿಯ ಇದನ್ನು ಕೇಳಿ ನಕ್ಕ. ಅವನು ಮೀಸಲು ಪೊಲೀಸ್ ಪಡೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದು ಈಗ ನಿವೃತ್ತ. ಕೊನೆಯ ಹಲವು ವರ್ಷ ಹುಡುಗರಿಗೆ ತರಬೇತಿ ಕೊಡುವ ಕೆಲಸ ಮಾಡಿದವನು. ಊರೊಳಗೆ, ಬೀದಿಯಲ್ಲಿ, ಮನೆಗಳ ನಡುವೆ ಆಯುಧ ಹಿಡಿದ ದುಷ್ಟರು ಅಡಗಿ ಕೂತರೆ ಏನು ಮಾಡಬೇಕು ಎಂಬ ಅಭ್ಯಾಸದ ಯೋಜನೆ ಹಾಕುವುದು ಅವನ ಪಾಲಿಗೆ ಬಂದಿತ್ತು.

"ಬಾರೋ ಇಲ್ಲಿ. ನಿನ್ನ ಊರನ್ನು ಇವತ್ತು ನೆಲದ ಮೇಲೆ ಗೆಲ್ಲು ನೋಡೋಣ" ಎಂದು ಅವನನ್ನು ಕರೆದ.

ಅಂದು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ನಡೆದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿದೆ. ಮಕ್ಕಳೂ ಓದಬಹುದು, ನನ್ನ ಓರಗೆಯ ಅಜ್ಜ-ಅಜ್ಜಿಯರೂ ಓದಬಹುದು.

ಮೊದಲು ಈ ಮೀಸಲು ಪಡೆ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ನಮ್ಮೂರ ಠಾಣೆಯ ಪೊಲೀಸರು ದೂರು ಬರೆದುಕೊಳ್ಳುತ್ತಾರೆ, ಕಳ್ಳರನ್ನು ಹುಡುಕುತ್ತಾರೆ. ದೊಡ್ಡ ಜಾತ್ರೆ, ಚುನಾವಣೆ, ಗಲಾಟೆ, ಪ್ರವಾಹ ಎಂದಾಗ ಅವರಷ್ಟೇ ಸಾಲುವುದಿಲ್ಲ. ಆಗ ವ್ಯಾನುಗಳಲ್ಲಿ ತುಕಡಿ ತುಕಡಿಯಾಗಿ ಬಂದು ಇಳಿಯುತ್ತಾರಲ್ಲ, ಅವರು ಕರ್ನಾಟಕ ರಾಜ್ಯ ಮೀಸಲು ಪೊಲೀಸರು, ಅಂದರೆ ಕೆಎಸ್‌ಆರ್‌ಪಿ. ಜಿಲ್ಲೆಗೊಂದು ಸಶಸ್ತ್ರ ಮೀಸಲು ಪಡೆಯೂ ಇರುತ್ತದೆ. ಅದನ್ನು ಡಿಎಆರ್ ಎನ್ನುತ್ತಾರೆ. ಸೈನಿಕರಂತೆ ಕವಾಯತು, ಬಟಾಲಿಯನ್ನು, ಕಮಾಂಡೆಂಟು ಎಲ್ಲ ಇದ್ದರೂ ಇವರು ಪೊಲೀಸರೇ.

ಹೊನ್ನಾಳಿಯಿಂದ ಶಿವಮೊಗ್ಗ ಸುಮಾರು 40 ಕಿಲೋಮೀಟರ್. ಅಲ್ಲಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಮಾಚೇನಹಳ್ಳಿ ಸಿಗುತ್ತದೆ. ಕೆಎಸ್‌ಆರ್‌ಪಿಯ 8ನೇ ಪಡೆ ಇರುವುದು ಅಲ್ಲೇ. ಭದ್ರಾವತಿಯಲ್ಲಿ ಕೇಂದ್ರ ಸರ್ಕಾರದ ಕ್ಷಿಪ್ರ ಕಾರ್ಯಪಡೆಗೆ 2021ರ ಜನವರಿ 16ರಂದು ಶಂಕುಸ್ಥಾಪನೆ ಆಯಿತು. ನೀಲಿ ಸಮವಸ್ತ್ರದವರು, ನೋಡಿರಬಹುದು. ನಮ್ಮೂರ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯ ಗುಂಟ ಕೆಳಗೆ ಕೆಳಗೆ ಹೋದರೆ ಅಣೆಕಟ್ಟಿನ ಹತ್ತಿರ ಮುನಿರಾಬಾದ್ ಬರುತ್ತದೆ. ಅಲ್ಲೂ ಒಂದು ಮೀಸಲು ಬಟಾಲಿಯನ್ ಇದೆ.

ಈಗ ಜಗಲಿಗೆ ಬರೋಣ.

ಸೋದರಳಿಯ ಮಗಳಿಗೆ ಹೇಳಿ ಹಿತ್ತಲಿನಿಂದ ಒಂದು ಬಕೆಟ್ ಮರಳು ತರಿಸಿದ. ನೆಲದ ಮೇಲೆ ಹರಡಿ, ಬೆರಳಿನಿಂದ ಬೀದಿ ಎಳೆದ. "ಇದು ನಿಮ್ಮ ಕೇರಿ. ನಮ್ಮಲ್ಲೂ ಹೀಗೇ ಮಾಡೋದು. ಮರಳಿನ ಮೇಲೆ ಮೊದಲು ಊರು ಕಟ್ತೀವಿ, ಆಮೇಲೆ ಕಾಲು ಎತ್ತಿಡ್ತೀವಿ" ಎಂದ. ಒಂಬತ್ತು ಖಾಲಿ ಬೆಂಕಿಪೊಟ್ಟಣ ಮನೆಗಳಾದವು. ಹತ್ತು ಅಡಿಕೆ ಪೊಲೀಸರಾದವು. ಎರಡು ಗುಲಗಂಜಿ ಆಯುಧ ಹಿಡಿದ ದುಷ್ಟರು. ಇಪ್ಪತ್ತನಾಲ್ಕು ಹುಣಸೆ ಬೀಜಗಳನ್ನು ಎಣಿಸಿ ನನ್ನ ಮುಂದೆಯೇ ಇಟ್ಟು, "ಇವರು ಕೇರಿಯ ಜನ. ಮಾವ, ನೀವೇ ಸಾಕ್ಷಿ" ಎಂದ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಬೀಜಗಳನ್ನು ಬೀದಿಯಲ್ಲಿ, ಪೊಟ್ಟಣಗಳ ಒಳಗೆ ಅಲ್ಲಲ್ಲಿ ಇಟ್ಟ. ಗುಲಗಂಜಿಗಳನ್ನು ನಡುವಿನ ಮನೆಗೆ ಹಾಕಿದ.

"ಈಗ ಗೆಲ್ಲು."

ಮೊಮ್ಮಗ ತಡಮಾಡಲಿಲ್ಲ. ಹತ್ತೂ ಅಡಿಕೆಗಳನ್ನು ಒಟ್ಟಿಗೆ ಬೀದಿಯಲ್ಲಿ ನೂಕಿಕೊಂಡು ಹೋಗಿ ಮನೆಗಳನ್ನು ಒಂದೊಂದಾಗಿ ತೆರೆದ. ನಡುವಿನ ಮನೆಯಲ್ಲಿ ಗುಲಗಂಜಿ ಸಿಕ್ಕವು. "ಮುಗೀತು ಮಾಮ! ಒಂದು ನಿಮಿಷ!"

"ಶಭಾಷ್. ಈಗ ಹುಣಸೆ ಬೀಜ ಎಣಿಸು."

ಅವನು ಎಣಿಸಿದ. ಇಪ್ಪತ್ತಮೂರು. ಇನ್ನೊಮ್ಮೆ ಎಣಿಸಿದ. ಇಪ್ಪತ್ತಮೂರೇ.

"ಇನ್ನೊಂದು ಎಲ್ಲಿ?"

ಅವನ ಅಕ್ಕ ಮೂಲೆಯಲ್ಲಿ ತಲೆಕೆಳಗಾಗಿ ಬಿದ್ದಿದ್ದ ಒಂದು ಪೊಟ್ಟಣವನ್ನು ಎತ್ತಿದಳು. ಅಡಿಕೆಗಳ ನೂಕುನುಗ್ಗಲಿನಲ್ಲಿ ಅದು ಮಗುಚಿಕೊಂಡಿತ್ತು. ಅದರಡಿ ಮರಳಿನಲ್ಲಿ ಒಂದು ಬೀಜ ಹೂತುಹೋಗಿತ್ತು.

"ಅದು ಯಾರು ಮಾಮ?" ಎಂದು ಕೇಳಿದಳು.

"ಆ ಮನೆಯ ಅಜ್ಜಿ. ಕಿವಿ ಮಂದ. ಎಲ್ಲರೂ ಹೊರಗೆ ಬನ್ನಿ ಅಂತ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ."

ಮೊಮ್ಮಗಳು ಒಳಗೆ ಅಕ್ಕಿ ಆರಿಸುತ್ತಾ ಕೂತಿದ್ದ ತನ್ನ ಅಜ್ಜಿಯ ಕಡೆ ನೋಡಿದಳು. ನಮ್ಮ ಮನೆಯವರಿಗೂ ಈಚೆಗೆ ಎರಡು ಸಲ ಕೂಗಿದರೆ ಒಂದು ಸಲ ಕೇಳುತ್ತದೆ.

ನಾನು ಸುಮ್ಮನೆ ಕೂತಿದ್ದೆ. ನನಗೆ ನೆನಪಾದದ್ದೇ ಬೇರೆ.

ನಾನು ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಜೀವನವೆಲ್ಲ ನೋಟು ಎಣಿಸಿದ್ದೇನೆ. 1980ರ ದಶಕದಲ್ಲಿ ನಾನಿದ್ದ ಒಂದು ಶಾಖೆಯಲ್ಲಿ ಅಪಾಯದ ಗಂಟೆ ಹಾಕಿಸಿದ್ದರು. ದರೋಡೆ, ಬೆಂಕಿ ಏನೇ ಆದರೂ ಗಂಟೆ ಹೊಡೆಯಬೇಕು, ಎಲ್ಲರೂ ಹೊರಗೆ ಬರಬೇಕು. ಒಂದು ಶನಿವಾರ ಅದರ ಅಭ್ಯಾಸ ನಡೆಯಿತು. ಎಷ್ಟು ಹೊತ್ತಿಗೆ ಗಂಟೆ ಹೊಡೆಯುತ್ತದೆ ಎಂದು ಬೆಳಿಗ್ಗೆಯೇ ಎಲ್ಲರಿಗೂ ಗೊತ್ತಿತ್ತು. ಟೀ ಕುಡಿದು ತಯಾರಾಗಿ ಕೂತಿದ್ದೆವು. ಎರಡೇ ನಿಮಿಷದಲ್ಲಿ ಎಲ್ಲರೂ ಬೀದಿಯಲ್ಲಿ. ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಒಂದು ತಿಂಗಳು ಕಳೆದಿರಬೇಕು. ಸಂಜೆ ಕ್ಯಾಷ್ ಮುಗಿಸುವ ಹೊತ್ತಿಗೆ ಆ ಗಂಟೆ ತಾನಾಗಿಯೇ ಹೊಡೆದುಕೊಂಡಿತು. ಯಾವುದೋ ತಂತಿ ತಾಗಿತ್ತಂತೆ. ಅದು ನಮಗೇನು ಗೊತ್ತು? ನಾನು ಹಣ ಒಳಗಿಟ್ಟು, ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಕೊನೆಗೆ ಹೊರಟವನು ನಾನೇ ಆದ್ದರಿಂದ ಹೊರಗಿನ ಗ್ರಿಲ್ ಬಾಗಿಲನ್ನೂ ಎಳೆದು ಬೀಗ ಹಾಕಿದೆ. ಬೀದಿಯಲ್ಲಿ ನಿಂತು ಲೆಕ್ಕ ನೋಡಿದೆವು. ಬೀಗದ ಕೈಗಳು ಸರಿ. ಲೆಡ್ಜರು ಸರಿ. ನಗದು ಸರಿ.

ಇಪ್ಪತ್ತು ನಿಮಿಷದ ಮೇಲೆ ಬಾಗಿಲು ತೆಗೆದೆವು. ಹಿಂದಿನ ಕೋಣೆಯಲ್ಲಿ ನಮ್ಮ ಅಟೆಂಡರ್ ಹಳೆಯ ವೋಚರುಗಳನ್ನು ದಾರದಿಂದ ಕಟ್ಟುತ್ತಾ ಕೂತಿದ್ದರು. ಅವರಿಗೆ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ತಲೆ ಎತ್ತಿ, "ಏನ್ ಸಾರ್, ಎಲ್ಲಾ ಎಲ್ಲಿಗೆ ಹೋಗಿದ್ರಿ?" ಎಂದರು.

ಆ ದಿನ ನನ್ನ ಕ್ಯಾಷಿನಲ್ಲಿ ಒಂದು ಪೈಸೆಯೂ ಕಡಿಮೆ ಬರಲಿಲ್ಲ. ಒಬ್ಬ ಮನುಷ್ಯ ಕಡಿಮೆ ಬಂದಿದ್ದರು. ಬೀಗ ಹಾಕಿದವನು ನಾನು. ನಿಜಕ್ಕೂ ಬೆಂಕಿ ಬಿದ್ದಿದ್ದರೆ? ಇದನ್ನು ನಾನು ಅದುವರೆಗೂ ಮನೆಯಲ್ಲಿ ಹೇಳಿರಲಿಲ್ಲ. ಅಂದು ಮಕ್ಕಳಿಗೆ ಹೇಳಿದೆ.

ಸೋದರಳಿಯ ತಲೆಯಾಡಿಸಿ, "ಮಾವ, ನಮ್ಮ ತರಬೇತಿಯ ಮೊದಲ ಪಾಠ ಇದೇ. ಯಾರಿಗೂ ಆಶ್ಚರ್ಯ ಆಗದ ಅಭ್ಯಾಸ ಅಭ್ಯಾಸವೇ ಅಲ್ಲ. ಎಣಿಸದೆ ಮುಗಿಸಿದ್ದು ಮುಗಿದಂತೆ ಅಲ್ಲ" ಎಂದ.

ಬಯಲಿನಲ್ಲಿ ನಡೆಯುವ ಕಾದಾಟಕ್ಕಿಂತ ಊರೊಳಗಿನದು ಏಕೆ ಕಷ್ಟ ಎಂದು ಅವನು ಬೆರಳು ಮಡಚಿ ವಿವರಿಸಿದ. ಬಯಲಿನಲ್ಲಿ ಅಪಾಯ ಮುಂದಿನಿಂದ ಬರುತ್ತದೆ. ಊರಿನಲ್ಲಿ ಮಾಳಿಗೆಯಿಂದ, ಕಿಟಕಿಯಿಂದ, ಹಿತ್ತಲಿನಿಂದ, ಮೂಲೆ ತಿರುಗಿದ ಕೂಡಲೇ ಬರಬಹುದು. ಗೋಡೆಗಳ ನಡುವೆ ಸದ್ದು ಪ್ರತಿಧ್ವನಿಸಿ ಎಲ್ಲಿಂದ ಬಂತೆಂದೇ ತಿಳಿಯುವುದಿಲ್ಲ. ಕಾಂಕ್ರೀಟು ಕಟ್ಟಡದೊಳಗೆ ವಾಕಿಟಾಕಿ ಸರಿಯಾಗಿ ಕೇಳುವುದಿಲ್ಲ. ಬಿಸಿಲಿನಿಂದ ಕತ್ತಲೆ ಕೋಣೆಗೆ ಕಾಲಿಟ್ಟವನಿಗೆ ಕ್ಷಣಹೊತ್ತು ಕಣ್ಣೇ ಕಾಣುವುದಿಲ್ಲ. ಗುಂಡು ಇಟ್ಟಿಗೆಯ ಗೋಡೆಗೆ ತಾಗಿ ಬೇರೆ ಕಡೆ ಸಿಡಿಯಬಹುದು, ತೆಳು ಬಾಗಿಲನ್ನು ತೂರಿ ಆಚೆ ಮನೆಗೂ ಹೋಗಬಹುದು. ಇದೆಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಪ್ರತಿ ಬಾಗಿಲ ಹಿಂದೆ ಇರುವವರು ಯಾರು? ಆಯುಧ ಹಿಡಿದವನೋ, ಹೆದರಿ ಮಂಚದಡಿ ಸೇರಿದ ಮಗುವೋ? ಅದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕು.

"ಅದಕ್ಕೇ ನಾವು ಗುಂಡು ಹೊಡೆಯೋದನ್ನ ಕಲಿಸೋದಕ್ಕಿಂತ ಹೆಚ್ಚು ದಿನ, ಗುಂಡು ಹೊಡೆಯದೆ ಇರೋದನ್ನ ಕಲಿಸ್ತೀವಿ" ಎಂದ. ಅಭ್ಯಾಸದ ಮನೆಯಲ್ಲಿ ರಟ್ಟಿನ ಬೊಂಬೆಗಳನ್ನು ನಿಲ್ಲಿಸುತ್ತಾರೆ. ಒಂದರ ಕೈಯಲ್ಲಿ ಪಿಸ್ತೂಲು, ಇನ್ನೊಂದರ ಕೈಯಲ್ಲಿ ಟಾರ್ಚು, ಮತ್ತೊಂದರ ಕಂಕುಳಲ್ಲಿ ಕೂಸು. ಟಾರ್ಚು ಹಿಡಿದವನಿಗೆ ಗುಂಡು ಹೊಡೆದವನು ಎಷ್ಟೇ ಚುರುಕಾಗಿದ್ದರೂ ನಪಾಸು.

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಅವನು ಯೋಜನೆ ಬರೆಯುವ ಕ್ರಮವನ್ನೂ ಮಕ್ಕಳಿಗೆ ತೋರಿಸಿದ. ನನಗೆ ಅದು ಥೇಟ್ ಬ್ಯಾಂಕಿನ ಲೆಕ್ಕದಂತೆಯೇ ಕಂಡಿತು.

ಮೊದಲು, ಇವತ್ತು ಏನು ಕಲಿಸಬೇಕು ಎಂದು ಒಂದೇ ಸಾಲಿನಲ್ಲಿ ಬರೆಯಬೇಕು. ಎಲ್ಲವನ್ನೂ ಒಂದೇ ದಿನ ಕಲಿಸಲು ಹೊರಟರೆ ಯಾವುದೂ ತಲೆಗೆ ಹೋಗುವುದಿಲ್ಲ. ಬಾಗಿಲು ದಾಟುವುದು ಒಂದು ದಿನ, ಮೆಟ್ಟಿಲು ಹತ್ತುವುದು ಇನ್ನೊಂದು ದಿನ, ಗಾಯಗೊಂಡವರನ್ನು ಹೊತ್ತು ತರುವುದು ಮತ್ತೊಂದು ದಿನ.

ಎರಡನೆಯದು ಜಾಗ. ಜನ ಓಡಾಡುವ ಬೀದಿಯಲ್ಲಿ ದಿಢೀರನೆ ಇಂಥದ್ದು ಮಾಡುವಂತಿಲ್ಲ. ಖಾಲಿ ಬಿದ್ದ ಹಳೆಯ ಕ್ವಾರ್ಟರ್ಸು ಒಳ್ಳೆಯದು. ಸುತ್ತಮುತ್ತಲ ಜನರಿಗೆ, ಹತ್ತಿರದ ಶಾಲೆಗೆ, ಆಸ್ಪತ್ರೆಗೆ ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಅಭ್ಯಾಸದ ಸದ್ದಿಗೇ ಯಾರದೋ ಎದೆ ಒಡೆದೀತು.

ಮೂರನೆಯದು ಪಾತ್ರಗಳು. ಕೆಲವರು ದುಷ್ಟರಾಗಬೇಕು, ಹೆಚ್ಚಿನವರು ಊರಿನ ಜನರಾಗಬೇಕು. ಕೆಲವರು ಅಳಬೇಕು, ಕೆಲವರು ಹೇಳಿದ್ದು ಕೇಳದೆ ಓಡಬೇಕು, ಒಬ್ಬರು ಕಿವುಡರಾಗಿರಬೇಕು. ಇದನ್ನು ಅಭ್ಯಾಸ ಮಾಡುವ ತುಕಡಿಗೆ ಮುಂಚೆ ಹೇಳುವಂತಿಲ್ಲ.

ನಾಲ್ಕನೆಯದು ಜೋಪಾನ. ಬರಿಗೈಯಲ್ಲಿ ನಿಧಾನವಾಗಿ ನಡೆದು ನೋಡುವುದೇ ಮೊದಲು. ಅದು ಕರಗತವಾದ ಮೇಲೆ ಖಾಲಿ ಬಂದೂಕು. ಆಮೇಲೆ ಗುಂಡಿಲ್ಲದೆ ಸದ್ದು ಮಾತ್ರ ಮಾಡುವ ತೋಟಾ. ನಿಜವಾದ ಗುಂಡು ಫೈರಿಂಗ್ ರೇಂಜಿನಲ್ಲಿ ಮಾತ್ರ. ಒಳಹೋಗುವ ಮುಂಚೆ ಪ್ರತಿಯೊಬ್ಬರ ಜೇಬು, ಚೀಲ, ಬಂದೂಕು ತಪಾಸಣೆ. ಒಬ್ಬ ತೆಗೆದು ತೋರಿಸಬೇಕು, ಇನ್ನೊಬ್ಬ ಕಣ್ಣಾರೆ ನೋಡಬೇಕು. ಸೀಟಿ ಊದಿದರೆ ಯಾರು ಎಲ್ಲಿದ್ದರೂ ಅಲ್ಲೇ ನಿಲ್ಲಬೇಕು. ಆ ಸೀಟಿಯನ್ನು ಹೊಸ ಕಾನ್‌ಸ್ಟೆಬಲ್ ಕೂಡ ಊದಬಹುದು. ಆಂಬುಲೆನ್ಸು ಬಾಗಿಲಲ್ಲೇ ನಿಂತಿರಬೇಕು.

ಐದನೆಯದು ತೋಟಾಗಳ ಲೆಕ್ಕ. ಎಷ್ಟು ಕೊಟ್ಟೆವು, ಎಷ್ಟು ಹಾರಿತು, ಖಾಲಿ ಕೋಶ ಎಷ್ಟು ಸಿಕ್ಕವು, ಎಷ್ಟು ಉಳಿಯಿತು. ಒಂದು ಕಡಿಮೆ ಬಂದರೂ ಯಾರೂ ಊಟಕ್ಕೆ ಏಳುವಂತಿಲ್ಲ. ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಇದನ್ನು ಕೇಳಿ ನನಗೆ ನಗು ಬಂತು. ಹತ್ತು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂತ ದಿನಗಳನ್ನು ಬ್ಯಾಂಕಿನವರು ಯಾರೂ ಮರೆಯುವುದಿಲ್ಲ.

ಕೊನೆಯದಾಗಿ ಎಲ್ಲರೂ ನೆಲದ ಮೇಲೆ ದುಂಡಗೆ ಕೂತು ಏನು ತಪ್ಪಾಯಿತು ಎಂದು ಮಾತಾಡಬೇಕು. "ನಾನು ಯಾವಾಗಲೂ ಎಲ್ಲರಿಗಿಂತ ಕಿರಿಯನನ್ನ ಮೊದಲು ಮಾತಾಡಿಸ್ತಿದ್ದೆ. ಸಾಹೇಬರು ಮೊದಲು ಬಾಯಿ ತೆಗೆದರೆ ಉಳಿದವರೆಲ್ಲ ಹೌದು ಸಾರ್ ಅಂದುಬಿಡ್ತಾರೆ" ಎಂದ.

ಇದೆಲ್ಲ ಸುಮ್ಮನೆ ಬರೆದಿಟ್ಟ ನಿಯಮವಲ್ಲ, ಮಕ್ಕಳೇ. 2008ರ ನವೆಂಬರ್ 26ರ ರಾತ್ರಿ ಮುಂಬೈಗೆ ಸಮುದ್ರದ ದಾರಿಯಿಂದ ಬಂದ ಹತ್ತು ಉಗ್ರರು ರೈಲು ನಿಲ್ದಾಣ, ಹೋಟೆಲುಗಳು, ಆಸ್ಪತ್ರೆ, ಜನರಿದ್ದ ಮನೆಗಳ ಮೇಲೆ ದಾಳಿ ಮಾಡಿದರು. 29ರ ಬೆಳಿಗ್ಗೆವರೆಗೂ ಅದು ನಡೆಯಿತು. 166 ಮಂದಿ ಪ್ರಾಣ ಕಳೆದುಕೊಂಡರು. ಅಂದು ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ವಿಷ್ಣು ಝೇಂಡೆ ಎಂಬ ರೈಲ್ವೆ ಉದ್ಘೋಷಕರಿದ್ದರು. ರೈಲು ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುವ ನೌಕರ, ನನ್ನ ಹಾಗೆ ಕುರ್ಚಿಯ ಕೆಲಸದವರು. ಅವರು ಓಡಿಹೋಗದೆ ಮೈಕಿನ ಮುಂದೆಯೇ ಕೂತು, ಪ್ರಯಾಣಿಕರು ಯಾವ ಕಡೆಯಿಂದ ಹೊರಗೆ ಹೋಗಬೇಕೆಂದು ಹೇಳುತ್ತಲೇ ಇದ್ದರು. ಎಷ್ಟೋ ಜನ ಬದುಕಿಕೊಂಡರು. ಗಿರ್ಗಾಂವ್ ಚೌಪಾಟಿಯ ಹತ್ತಿರ ತುಕಾರಾಂ ಓಂಬಳೆ ಎಂಬ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಕೈಯಲ್ಲಿ ಲಾಠಿ ಮಾತ್ರ ಇದ್ದಾಗಲೂ ಉಗ್ರನ ಬಂದೂಕಿನ ನಳಿಗೆಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವರು ಉಳಿಯಲಿಲ್ಲ. ಆದರೆ ಆ ಉಗ್ರ ಜೀವಂತ ಸಿಕ್ಕ.

ತಾಜ್ ಹೋಟೆಲಿನಲ್ಲಿ ರಾಷ್ಟ್ರೀಯ ಭದ್ರತಾ ಪಡೆಯ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇದ್ದರು. ಬೆಂಗಳೂರಿನಲ್ಲಿ ಓದಿ ಬೆಳೆದವರು. ಒಳದಾರಿಗಳ ಪರಿಚಯವಿಲ್ಲದ ಕಟ್ಟಡ, ಹೊಗೆ, ಕತ್ತಲೆ, ಕೋಣೆಗಳಲ್ಲಿ ಅಡಗಿ ಕೂತ ಅತಿಥಿಗಳು. ಜೊತೆಯ ಕಮಾಂಡೊ ಒಬ್ಬರಿಗೆ ಗುಂಡು ತಾಗಿದಾಗ ಅವರನ್ನು ಮೊದಲು ಹೊರಗೆ ಸಾಗಿಸುವ ಏರ್ಪಾಡು ಮಾಡಿ, ಆಮೇಲೆ ತಾವು ಉಗ್ರರ ಬೆನ್ನುಹತ್ತಿದರು. ನವೆಂಬರ್ 28ರಂದು ವೀರಮರಣ ಹೊಂದಿದರು. ಇಬ್ಬರಿಗೂ ಅಶೋಕ ಚಕ್ರ ಬಂತು.

ಆಗ ಭದ್ರತಾ ಪಡೆಯ ಕಮಾಂಡೊಗಳು ದೆಹಲಿ ಕಡೆಯಿಂದಲೇ ಬರಬೇಕಾಗಿತ್ತು. ದಾಳಿ ನಡೆದಲ್ಲಿಗೆ ಮೊದಲು ಹೋಗಬೇಕಾದವರು ಆಯಾ ಊರಿನ ಪೊಲೀಸರೇ ಎಂಬುದು ಆ ರಾತ್ರಿ ಇಡೀ ದೇಶಕ್ಕೆ ಮನದಟ್ಟಾಯಿತು. 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಭದ್ರತಾ ಪಡೆಯ ಕೇಂದ್ರಗಳಾದವು. ನಮ್ಮ ರಾಜ್ಯದ ಪೊಲೀಸರು 'ಗರುಡ' ಎಂಬ ವಿಶೇಷ ಪಡೆಯನ್ನು ಕಟ್ಟಿದರು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮೈಸೂರಿನವರದೇ ಒಂದು ಕಥೆಯಿದೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರಿನ ಕುದುರೆ ಪಡೆಯವರು. ಕೈಯಲ್ಲಿ ಈಟಿ, ಕತ್ತಿ. ಎದುರಿಗೆ ಮೆಷಿನ್ ಗನ್ನು, ಫಿರಂಗಿ. ಎಲ್ಲರೂ ಒಂದೇ ದಾರಿಯಲ್ಲಿ ನುಗ್ಗಿದ್ದರೆ ಉಳಿಯುತ್ತಿರಲಿಲ್ಲ. ಮೈಸೂರಿನ ಒಂದು ತುಕಡಿ ಪಕ್ಕದ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸಿತು. ಜೋಧಪುರದವರು ಕೆಳಗಿನಿಂದ ನುಗ್ಗಿದರು. 1,300ಕ್ಕೂ ಹೆಚ್ಚು ಮಂದಿ ಸೆರೆಸಿಕ್ಕರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಆ ಕಡೆ ಹೋದಾಗ ಮಕ್ಕಳಿಗೆ ತೋರಿಸಿ.

"ನೋಡಿದ್ಯಾ?" ಎಂದ ಸೋದರಳಿಯ, ಮೊಮ್ಮಗನ ತಲೆ ಸವರಿ. "ನಿನ್ನ ಹತ್ತು ಅಡಿಕೆನೂ ಒಂದೇ ಬಾಗಿಲಲ್ಲಿ ನುಗ್ಗಿದ್ವು."

ಎರಡನೇ ಆಟ ಮೊಮ್ಮಗಳದು. ಅವಳು ಮೊದಲು ಅಡಿಕೆಯನ್ನು ಮುಟ್ಟಲೇ ಇಲ್ಲ. "ಮಾಮ, ಈ ಕೇರಿಯಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರನ್ನ ಕೇಳಬೇಕು?" ಎಂದಳು.

"ಯಾರನ್ನ ಕೇಳ್ತೀಯ?"

"ಹಾಲಿನವರನ್ನ. ಅವರಿಗೆ ಎಲ್ಲ ಮನೆಯೂ ಗೊತ್ತು."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹಾಲಿನವರ ಲೆಕ್ಕದಂತೆ ಇಪ್ಪತ್ತನಾಲ್ಕು. ಆಮೇಲೆ ಅವಳು ಬೀದಿಯ ಎರಡು ತುದಿಗೆ ಎರಡೆರಡು ಅಡಿಕೆ, ಹಿತ್ತಲ ಓಣಿಗೆ ಎರಡು, ಎದುರಿನ ಮಾಳಿಗೆಗೆ ಒಂದು ಇಟ್ಟಳು. ಉಳಿದ ಮೂರನ್ನು ಅಂಚಿನ ಮನೆಗಳಿಂದ ಒಂದೊಂದಾಗಿ ಕಳಿಸಿ ಜನರನ್ನು ಹೊರಗೆ ತಂದಳು. ತಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಬೀಜವನ್ನು ಎಣಿಸಿದ. ಇಪ್ಪತ್ತೆರಡಕ್ಕೆ ನಿಂತಿತು. ಮೂಲೆಯ ಮನೆಯ ಬಾಗಿಲು ತಟ್ಟಿದರು, ಉತ್ತರವಿಲ್ಲ. "ಅಜ್ಜಿಗೆ ಕೇಳಿಸಲ್ಲ, ಒಳಗೆ ಹೋಗಿ ಕೈ ಹಿಡಿದು ಕರ್ಕೊಂಡು ಬರಬೇಕು" ಎಂದ ಮೊಮ್ಮಗ. ಇಪ್ಪತ್ತಮೂರು. ಇನ್ನೊಂದು ಬೀಜ ಗುಲಗಂಜಿಗಳಿದ್ದ ಮನೆಯಲ್ಲೇ ಇತ್ತು.

ಅಲ್ಲಿ ಸೋದರಳಿಯ ಆಟ ನಿಲ್ಲಿಸಿದ. "ಈಗ ಅವಸರ ಬೇಡ. ಇಲ್ಲಿ ಮಾತಾಡಬೇಕು, ಕಾಯಬೇಕು, ದೊಡ್ಡವರಿಗೆ ತಿಳಿಸಬೇಕು" ಎಂದ. ಇಪ್ಪತ್ತನಾಲ್ಕನೇ ಬೀಜ ಹೊರಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಒಳಗಿನಿಂದ ಮೆಣಸಿನಕಾಯಿ ಬಜ್ಜಿ ಬಂತು. ಮೊಮ್ಮಗ ಬಜ್ಜಿ ಮುಟ್ಟುವ ಮೊದಲು ಇನ್ನೊಮ್ಮೆ ಎಣಿಸಿದ.

ಅವನು ಮೊಬೈಲ್ ಆಟ ಬಿಟ್ಟುಬಿಟ್ಟ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಈಗಲೂ ಆಡುತ್ತಾನೆ. ಆದರೆ ಮರುದಿನ ಬೆಳಿಗ್ಗೆ ನೋಟ್ ಬುಕ್ಕಿನಲ್ಲಿ ನಮ್ಮ ಮನೆಯ ನಕ್ಷೆ ಬರೆದು ತಂದ. ಎರಡು ಬಾಗಿಲು, ಹಿತ್ತಲ ಗೇಟು, ಗ್ಯಾಸ್ ಸಿಲಿಂಡರ್ ಇರುವ ಮೂಲೆ, ಮೇಲ್ಗಡೆ ದಪ್ಪಕ್ಷರದಲ್ಲಿ 112. ಬೆಂಕಿ, ನೆರೆ, ಏನೇ ಆದರೂ ಎಲ್ಲರೂ ಬಂದು ನಿಲ್ಲಬೇಕಾದ ಜಾಗ ಎಂದು ಎದುರಿನ ಬೇವಿನ ಮರಕ್ಕೆ ಗುರುತು ಹಾಕಿದ್ದ. ಅಜ್ಜಿ ಮಲಗುವ ಕೋಣೆಗೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, 'ಇಲ್ಲಿಗೆ ನಾನು ಹೋಗಬೇಕು' ಎಂದು ಬರೆದಿದ್ದ.

ನೀವೂ ಈ ರಜೆಯಲ್ಲಿ ಅಜ್ಜ-ಅಜ್ಜಿಯ ಜೊತೆ ಕೂತು ನಿಮ್ಮ ಮನೆಯ ನಕ್ಷೆ ಬರೆಯಿರಿ. ಮನೆಯಲ್ಲಿರುವವರನ್ನೆಲ್ಲ ಎಣಿಸಿ. ಕೂಗಿದರೆ ಕೇಳಿಸದವರು, ಬೇಗ ನಡೆಯಲಾರದವರು ಯಾರಿದ್ದಾರೆ ನೋಡಿ, ಅವರ ಕೈ ಹಿಡಿಯುವವರು ಯಾರೆಂದು ಇವತ್ತೇ ತೀರ್ಮಾನಿಸಿ. ಆ ಹಾಳೆ ನಮ್ಮ ಮನೆಯಲ್ಲಿ ಈಗ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತಿದೆ. ಬೇರೆಯವರ ಲೆಕ್ಕ ತಪಾಸಣೆ ಮಾಡುವುದು ನನ್ನ ಹಳೆಯ ಚಾಳಿ. ಇದನ್ನೂ ನೋಡಿದೆ, ತಾಳೆಯಾಗಿದೆ.